ಲಜ್ಜೆಯ ಮರೆಯಲ್ಲಿ ಬೆಳೆಯುವ ರೋಗ: ಗೊನೊರಿಯಾ

ಹಲ್ಲುನೋವು ಬಂದರೆ ಮನೆಮಂದಿಗೆಲ್ಲ ಹೇಳುವ ನಾವು ಗುಪ್ತಾಂಗದ ಬೇನೆಯನ್ನು ವೈದ್ಯರಿಂದಲೂ ಮರೆಮಾಚುತ್ತೇವೆ. ಮೂತ್ರ ವಿಸರ್ಜಿಸುವಾಗ ಉರಿ ಕಂಡ ಯುವಕನು ‘ಉಷ್ಣವಾಗಿದೆ’ ಎಂದು ಎಳನೀರು ಕುಡಿಯುತ್ತಾನೆ. ಉರಿ ನಿಲ್ಲದಿದ್ದರೆ ಔಷಧಿ ಅಂಗಡಿಯಲ್ಲಿ ಎರಡು ಮಾತ್ರೆ ಕೇಳಿ ಪಡೆದು ದಿನ ದೂಡುತ್ತಾನೆ. ಹೀಗೆ ದೂಡಿದ ದಿನಗಳ ಬೆಲೆಯನ್ನು ಅನೇಕ ವೇಳೆ ತೆರುವವಳು ಅವನ ಪತ್ನಿ.

ಗೊನೊರಿಯಾ ರೋಗದ ಬ್ಯಾಕ್ಟೀರಿಯಾವನ್ನು 1879ರಲ್ಲಿ ಗುರುತಿಸಿದವರು ಜರ್ಮನಿಯ ವೈದ್ಯ ಆಲ್ಬರ್ಟ್ ನೈಸರ್. ಇದು ಲೈಂಗಿಕ ಸಂಪರ್ಕದಿಂದಲೂ, ಹೆರಿಗೆಯ ಕಾಲದಲ್ಲಿ ತಾಯಿಯಿಂದ ಶಿಶುವಿಗೂ ಹರಡುತ್ತದೆ. ಜೊತೆಯಲ್ಲಿ ಉಣ್ಣುವುದರಿಂದಾಗಲಿ, ಒಂದೇ ಶೌಚಾಲಯ ಬಳಸುವುದರಿಂದಾಗಲಿ ಹರಡುವುದಿಲ್ಲ.

ಲಕ್ಷಣಗಳು

ಪುರುಷರಲ್ಲಿ ಸಾಮಾನ್ಯವಾಗಿ ಸಂಪರ್ಕವಾದ 2ರಿಂದ 7 ದಿನಗಳೊಳಗೆ ಉರಿಮೂತ್ರವೂ ಹಳದಿ ಕೀವಿನ ಸ್ರಾವವೂ ಕಾಣಿಸುತ್ತವೆ. ಸ್ತ್ರೀಯರ ಸ್ಥಿತಿ ಬೇರೆ. ಸೋಂಕು ತಗುಲಿದ ಅನೇಕ ಸ್ತ್ರೀಯರಲ್ಲಿ ಯಾವ ಲಕ್ಷಣವೂ ತೋರುವುದಿಲ್ಲ. ಸೋಂಕು ಸದ್ದಿಲ್ಲದೆ ಗರ್ಭಕೊರಳಿನಿಂದ ಅಂಡನಾಳಗಳಿಗೆ ಏರಿ, ಅಲ್ಲಿ ಗಾಯದ ಕಲೆಯುಳಿಸಿ ದಾರಿಯನ್ನೇ ಮುಚ್ಚಬಹುದು. ಪರಿಣಾಮವಾಗಿ ಬಂಜೆತನ ಬರಬಹುದು, ಇಲ್ಲವೆ ಗರ್ಭಾಶಯದ ಹೊರಗೆ ಗರ್ಭ ನಿಂತು ಪ್ರಾಣಕ್ಕೇ ಅಪಾಯವೊದಗಬಹುದು. ಮಕ್ಕಳಾಗಲಿಲ್ಲವೆಂಬ ನಿಂದೆಯನ್ನು ಹೊರುವವಳು ಮಾತ್ರ, ತನಗೆ ರೋಗವಿತ್ತೆಂದೇ ಅರಿಯದ ಆ ಹೆಣ್ಣುಮಗಳು.

ರೋಗನಿರ್ಣಯ

ಪುರುಷರ ಸ್ರಾವವನ್ನು ಗಾಜಿನ ಪಟ್ಟಿಗೆ ಸವರಿ, ಗ್ರಾಂ ವಿಧಾನದಿಂದ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಬಿಳಿರಕ್ತಕಣಗಳೊಳಗೆ ಜೋಡಿ ಕಾಳುಗಳಂತೆ ಕುಳಿತ ಕೆಂಬಣ್ಣದ ಜೀವಾಣುಗಳು ಕಾಣುತ್ತವೆ. ಕೆಲವೇ ನಿಮಿಷಗಳ ಪರೀಕ್ಷೆಯಿದು. ಸ್ತ್ರೀಯರಲ್ಲಿ ಈ ಪರೀಕ್ಷೆ ಅಷ್ಟು ನೆಚ್ಚತಕ್ಕದ್ದಲ್ಲ. ಜೀವಾಣುವಿನ ಆನುವಂಶಿಕ ಅಂಶವನ್ನೇ ಪತ್ತೆಹಚ್ಚುವ ‘ನಾಟ್’ ಪರೀಕ್ಷೆ ಹೆಚ್ಚು ನಿಖರವಾದುದು. ಯಾವ ಔಷಧಕ್ಕೆ ಜೀವಾಣು ಮಣಿಯುವುದೆಂದು ತಿಳಿಯಲು ಕಲ್ಚರ್ ಪರೀಕ್ಷೆ ಬೇಕು. ಇದರೊಡನೆ ಎಚ್‌ಐವಿ ಹಾಗೂ ಸಿಫಿಲಿಸ್ ರಕ್ತಪರೀಕ್ಷೆಗಳನ್ನೂ ಮಾಡಿಸಿಕೊಳ್ಳುವುದು ವಿವೇಕ.

ಚಿಕಿತ್ಸೆ

ಪ್ರಯೋಗಾಲಯದ ಸೌಲಭ್ಯವಿಲ್ಲದ ಕಡೆ ಲಕ್ಷಣಗಳನ್ನು ಆಧರಿಸಿಯೇ ಚಿಕಿತ್ಸೆ ಆರಂಭಿಸುವ ಪದ್ಧತಿ ನಮ್ಮ ರಾಷ್ಟ್ರೀಯ ಕಾರ್ಯಕ್ರಮದಲ್ಲಿದೆ. ಇದಕ್ಕೆ ನೀಡುವ ಬೂದುಬಣ್ಣದ ಕಿಟ್‌ನಲ್ಲಿ ಸೆಫಿಕ್ಸಿಮ್ ಹಾಗೂ ಅಜಿತ್ರೋಮೈಸಿನ್ ಇರುತ್ತವೆ. ಜಗತ್ತಿನ ಹಲವೆಡೆ ಸೆಫ್ಟ್ರಿಯಾಕ್ಸೋನ್ ಚುಚ್ಚುಮದ್ದೇ ಮೊದಲ ಆಯ್ಕೆ. ಜೊತೆಯಲ್ಲಿ ಕ್ಲಮಿಡಿಯಾ ಸೋಂಕಿಲ್ಲವೆಂದು ಖಚಿತವಾಗದಿದ್ದರೆ ಅದಕ್ಕೂ ಔಷಧ ಕೊಡುವುದುಂಟು.

ಔಷಧವನ್ನು ವೈದ್ಯರೇ ನಿರ್ಧರಿಸಬೇಕೆನ್ನಲು ಬಲವಾದ ಕಾರಣವಿದೆ. ಈ ಜೀವಾಣುವು ಮೊದಲು ಸಲ್ಫಾ ಔಷಧಗಳನ್ನು, ಬಳಿಕ ಪೆನ್ಸಿಲಿನ್ನನ್ನು, ತರುವಾಯ ಸಿಪ್ರೊಫ್ಲಾಕ್ಸಾಸಿನ್ನನ್ನು ಜಯಿಸಿದೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವು 2020ರಲ್ಲಿ ಸೆಫ್ಟ್ರಿಯಾಕ್ಸೋನ್ ಪ್ರಮಾಣವನ್ನು 250ರಿಂದ 500 ಮಿಲಿಗ್ರಾಂಗೆ ಏರಿಸಬೇಕಾಯಿತು. ಅಂಗಡಿಯಲ್ಲಿ ಕೇಳಿ ಪಡೆದ ಅರೆಬರೆ ಮಾತ್ರೆಗಳು ರೋಗವನ್ನು ಅಳಿಸದೆ, ರೋಗಾಣುವನ್ನು ಮತ್ತಷ್ಟು ಬಲಪಡಿಸುತ್ತವೆ.

ಒಬ್ಬರಿಗಲ್ಲ, ಇಬ್ಬರಿಗೂ

ಪತಿಯೊಬ್ಬನೇ ಔಷಧ ಪಡೆದರೆ ಸೋಂಕು ಪತ್ನಿಯಿಂದ ಅವನಿಗೇ ಮರಳುತ್ತದೆ. ಹಿಂದಿನ 60 ದಿನಗಳಲ್ಲಿ ಸಂಪರ್ಕವಿದ್ದವರೆಲ್ಲರಿಗೂ, ಲಕ್ಷಣಗಳಿಲ್ಲದಿದ್ದರೂ, ಪರೀಕ್ಷೆ ಹಾಗೂ ಚಿಕಿತ್ಸೆ ಅಗತ್ಯ. ಇಬ್ಬರ ಚಿಕಿತ್ಸೆಯೂ ಮುಗಿದು 7 ದಿನ ಕಳೆಯುವವರೆಗೆ ಸಂಯಮವಿರಲಿ. 3 ತಿಂಗಳ ಬಳಿಕ ಮರುಪರೀಕ್ಷೆಯಾಗಲಿ. ಗರ್ಭಿಣಿಯರು ವಿಳಂಬಿಸಲೇಬಾರದು, ಹುಟ್ಟುವ ಶಿಶುವಿನ ಕಣ್ಣಿಗೆ ಸೋಂಕು ತಗುಲಿದರೆ ದೃಷ್ಟಿಯೇ ಹೋಗಬಹುದು.

ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಈ ಚಿಕಿತ್ಸೆ ಉಚಿತವಾಗಿ, ಗೋಪ್ಯವಾಗಿ ದೊರೆಯುತ್ತದೆ. 1097 ಸಂಖ್ಯೆಗೆ ಉಚಿತವಾಗಿ ಕರೆಮಾಡಿಯೂ ಮಾಹಿತಿ ಪಡೆಯಬಹುದು. ತಪ್ಪು ನಡೆದಿದ್ದರೆ ಅದನ್ನು ತಿದ್ದಿಕೊಳ್ಳುವ ಮೊದಲ ಹೆಜ್ಜೆ ವೈದ್ಯರೆದುರು ಸತ್ಯ ನುಡಿಯುವುದು. ಮನೆಯವರೂ ಹಳಿಯುವುದನ್ನು ಬಿಟ್ಟು ಆಸ್ಪತ್ರೆಯ ದಾರಿ ತೋರಲಿ. ಸಕಾಲದಲ್ಲಿ ಪೂರ್ಣವಾಗಿ ಗುಣವಾಗುವ ರೋಗಕ್ಕೆ ಒಂದು ಸಂಸಾರದ ಸುಖ ಬಲಿಯಾಗದಿರಲಿ.