ಮನ್ರೋ ಸಾಹೇಬರು ಮತ್ತು ನಮ್ಮ ಗಡಿನಾಡು



ರಾಯದುರ್ಗ, ಮಡಕಶಿರಾ ಸೀಮೆಯ ಕನ್ನಡಿಗರಾದ ನಾವು ಕರ್ನಾಟಕದ ಹೊರಗೆ ಉಳಿದದ್ದು ಹೇಗೆ ಎಂದು ಯಾರಾದರೂ ಕೇಳಿದರೆ 1953ರ ಕಡೆ ಬೆರಳು ತೋರಿಸುತ್ತೇವೆ. ಆದರೆ ಈ ಕಥೆ ಅದಕ್ಕೂ ನೂರೈವತ್ತು ವರ್ಷ ಹಿಂದೆ ಶುರುವಾಗುತ್ತದೆ. ಅದರಲ್ಲಿ ಮುಖ್ಯವಾಗಿ ಬರುವ ಹೆಸರು ಸರ್ ಥಾಮಸ್ ಮನ್ರೋ.

ಮನ್ರೋ 1761ರಲ್ಲಿ ಗ್ಲ್ಯಾಸ್ಗೋದಲ್ಲಿ ಹುಟ್ಟಿದರು. 1780ರಲ್ಲಿ ಕಂಪನಿಯ ಸೈನಿಕರಾಗಿ ಮದರಾಸಿಗೆ ಬಂದರು. 1792ರಿಂದ ಬಾರಾಮಹಲಿನಲ್ಲಿ ಕಂದಾಯದ ಕೆಲಸ ಕಲಿತರು. 1799ರಲ್ಲಿ ಟಿಪ್ಪು ಮಡಿದ ಮೇಲೆ ಮೈಸೂರು ಸೀಮೆಯನ್ನು ಹಂಚುವ ಆಯೋಗಕ್ಕೆ ಜಾನ್ ಮಾಲ್ಕಂ ಜೊತೆ ಕಾರ್ಯದರ್ಶಿಯಾದರು. ನಂತರ ಕೆನರಾದ ಕಲೆಕ್ಟರ್ ಆದರು.

1792 ಮತ್ತು 1799ರಲ್ಲಿ ಮೈಸೂರಿನಿಂದ ಪಡೆದ ಪ್ರದೇಶಗಳನ್ನು ನಿಜಾಮನು 1800ರಲ್ಲಿ ಕಂಪನಿಗೆ ಬಿಟ್ಟುಕೊಟ್ಟ. ತನ್ನ ರಕ್ಷಣೆಗಿದ್ದ ಕಂಪನಿ ಸೇನೆಯ ಖರ್ಚಿಗಾಗಿ ಕೊಟ್ಟ ಈ ಸೀಮೆಯೇ ದತ್ತ ಮಂಡಲ. 1807ರವರೆಗೆ ಇದರ ಮುಖ್ಯ ಕಲೆಕ್ಟರ್ ಮನ್ರೋ. ಸುಮಾರು 80 ಪಾಳೆಯಗಾರರನ್ನು ಅವರು ಸೇನೆಯ ಬಲದಿಂದ, ಪಿಂಚಣಿಯಿಂದ ಹದ್ದಿಗೆ ತಂದರು. 1802ರಿಂದ ಹೊಲ ಹೊಲವನ್ನೂ ಅಳೆಸಿ, ರೈತನ ಹೆಸರಿಗೇ ನೇರವಾಗಿ ಕಂದಾಯ ಕಟ್ಟಿಸಿದರು. ಇದೇ ರೈತವಾರಿ ಪದ್ಧತಿ. ಕಂದಾಯ ಮಾತ್ರ ಹೊರಲಾರದಷ್ಟಿತ್ತು. ಕಾಲು ಭಾಗ ಇಳಿಸಬೇಕೆಂದು 1807ರಲ್ಲಿ ಮನ್ರೋ ಅವರೇ ಸೂಚಿಸಿದರು. ಆದರೆ ಅದು ಜಾರಿಯಾದದ್ದು 1820ರಲ್ಲಿ ಅವರು ಮದರಾಸಿನ ಗವರ್ನರ್ ಆದ ಮೇಲೆಯೇ.

ನಮಗೆ ಹೆಚ್ಚು ಮುಖ್ಯವಾದದ್ದು ಇನ್ನೊಂದು. 1822ರಲ್ಲಿ ಮನ್ರೋ ಪ್ರತಿ ಜಿಲ್ಲೆಯ ಶಾಲೆಗಳ ಲೆಕ್ಕ ಕೇಳಿದರು. ಮರುವರ್ಷ ಬಳ್ಳಾರಿ ಕಲೆಕ್ಟರ್ ಕ್ಯಾಂಬೆಲ್ ಕಳುಹಿಸಿದ ವರದಿಯಲ್ಲಿ ಒಟ್ಟು 533 ಶಾಲೆಗಳಿವೆ. ಅದರಲ್ಲಿ ಕನ್ನಡದವು 235, ತೆಲುಗಿನವು 226. ಉಳಿದವು ಮರಾಠಿ, ಸಂಸ್ಕೃತ, ಪಾರ್ಸಿ ಮುಂತಾದವು. ರಾಯದುರ್ಗ, ಮಡಕಶಿರಾ ಆಗ ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಕನ್ನಡ, ತೆಲುಗು ಎರಡೂ ಸರಿಸಮವಾಗಿ ಅಕ್ಕಪಕ್ಕ ಬಾಳಿದ ನಾಡು ಇದು ಎಂಬುದಕ್ಕೆ ಸರ್ಕಾರದ್ದೇ ದಾಖಲೆ ಇದು.

ಮನ್ರೋ 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡರು. ಮಂತ್ರಾಲಯದಲ್ಲಿ ರಾಯರು ಅವರಿಗೆ ದರ್ಶನವಿತ್ತರೆಂದು ಭಕ್ತರು ಇಂದಿಗೂ ಹೇಳುತ್ತಾರೆ.

1882ರಲ್ಲಿ ಅನಂತಪುರ ಜಿಲ್ಲೆಯಾದಾಗ ಮಡಕಶಿರಾ ಅದಕ್ಕೆ ಸೇರಿತು. 1953ರಲ್ಲಿ ಬಳ್ಳಾರಿ ಮೈಸೂರಿಗೆ ಬಂದರೆ, ರಾಯದುರ್ಗ, ಆದೋನಿ, ಆಲೂರು ಆಂಧ್ರಕ್ಕೆ ಹೋದವು. 2022ರಿಂದ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಜಿಲ್ಲೆಯ ಹೆಸರು ಎಷ್ಟು ಸಲ ಬದಲಾದರೂ ಮನೆಮಾತು ಬದಲಾಗಿಲ್ಲ.

ಆದರೆ ಮನೆಮಾತು ಮನೆಯಲ್ಲಷ್ಟೇ ಉಳಿದರೆ ಸಾಲದು. ಮಕ್ಕಳು ಸೇರದಿದ್ದರೆ ಕನ್ನಡ ಶಾಲೆ ತಾನಾಗಿಯೇ ಮುಚ್ಚುತ್ತದೆ. ಮಕ್ಕಳನ್ನು ಶಾಲೆಗೆ ಸೇರಿಸುವಾಗ ಆ 235ರ ಲೆಕ್ಕ ನೆನಪಿರಲಿ. ಅಟ್ಟದ ಮೇಲೆ ಹಳೆಯ ಕನ್ನಡ ಕಾಗದಪತ್ರ, ಶಾಲಾ ಪುಸ್ತಕಗಳಿದ್ದರೆ ರದ್ದಿಗೆ ಹಾಕದೆ ಜೋಪಾನ ಮಾಡಿ ಎಂದು ಕೋರುತ್ತೇವೆ.