ಇಲ್ಲವಾಗಿಸಿದರೆ ಸಾಲದು, ತಗ್ಗಿಸಿ ನೋಡಬೇಕು

ಒಂದು ಜೀನ್‌ನ ಕೆಲಸವೇನೆಂದು ತಿಳಿಯಲು ಅದನ್ನು ಕೆಡಿಸಿ, ಜೀವಿಯಲ್ಲಿ ಏನು ಏರುಪೇರಾಗುತ್ತದೆಂದು ನೋಡುವುದು ತಳಿವಿಜ್ಞಾನದ ಹಳೆಯ ದಾರಿ. ಆದರೆ ಬ್ಯಾಕ್ಟೀರಿಯಾ ಬದುಕಲು ಬೇಕೇಬೇಕಾದ ಜೀನ್‌ ಕೆಟ್ಟರೆ ನೋಡಲು ಕೋಶವೇ ಉಳಿಯುವುದಿಲ್ಲ. ಈ ತೊಡಕನ್ನು ದಾಟಲು 1950ರ ಸುಮಾರಿಗೆ ನಾರ್ಮನ್ ಹೊರೊವಿಟ್ಸ್ ಮತ್ತು ಸಂಗಡಿಗರು ತಾಪಮಾನದ ನೆರವು ಪಡೆದರು: ತಂಪಿನಲ್ಲಿ ಸರಿಯಿದ್ದು ಬಿಸಿಯಲ್ಲಷ್ಟೇ ಕೆಡುವ ರೂಪಾಂತರಗಳನ್ನು ಹುಡುಕಿದರು. 1960ರ ದಶಕದಲ್ಲಿ ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಯ ಫ್ರಾಂಸ್ವಾ ಜಾಕೋಬ್, ಯುಕಿನೋರಿ ಹಿರೋಟಾ ಮೊದಲಾದವರು ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಇಂಥವನ್ನು ಕಲೆಹಾಕಿದರು. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಂದಿನಂತೆ ಎರಡಾಗುತ್ತಿದ್ದ ಕೆಲವು ಕೋಶಗಳು, 42ಕ್ಕೆ ಏರಿಸಿದಾಗ ವಿಭಜನೆ ನಿಲ್ಲಿಸಿ ಎಳೆಯಂತೆ ಉದ್ದಕ್ಕೆ ಬೆಳೆದವು. ಡಿಎನ್‌ಎ ನಕಲಾಗುತ್ತಲೇ ಇತ್ತು, ನಡುವೆ ಗೋಡೆ ಮಾತ್ರ ಏಳಲಿಲ್ಲ. ಈ ಬಗೆಯ ರೂಪಾಂತರಗಳಿಂದ ಗುರುತಿಗೆ ಬಂದ ಎಫ್‌ಟಿಎಸ್‌-ಝಡ್‌ ಎಂಬ ಪ್ರೋಟೀನ್, ಕೋಶ ಇಬ್ಭಾಗವಾಗುವ ಜಾಗದಲ್ಲಿ ಉಂಗುರವಾಗಿ ಕೂರುತ್ತದೆಂದು 1991ರಲ್ಲಿ ಕಂಡುಬಂತು. ಕೋಶ ಸಾಯುತ್ತದೆ ಎಂಬುದಕ್ಕಿಂತ ಯಾವ ಕೆಲಸ ನಿಂತು ಸಾಯುತ್ತದೆ ಎಂಬುದೇ ಇಲ್ಲಿ ಸಿಕ್ಕ ತಿಳಿವು.

ಆ ದಾರಿ ನಿಧಾನದ್ದು, ಅದೃಷ್ಟವನ್ನು ನಂಬಿದ್ದು ಎಂಬ ಆಕ್ಷೇಪ ನ್ಯಾಯವೇ. ಎಲ್ಲ ಜೀನ್‌ಗಳಿಗೂ ತಕ್ಕ ರೂಪಾಂತರ ಸಿಗಲಿಲ್ಲ. ಜೀನೋಮ್‌ಗಳ ಪೂರ್ಣ ಪಾಠ ಕೈಗೆ ಬಂದ ಮೇಲೆ ಬೇಕೇಬೇಕಾದ ಜೀನ್‌ಗಳನ್ನು ಒಟ್ಟೊಟ್ಟಿಗೆ ಎಣಿಸುವುದು ಸಾಧ್ಯವಾಯಿತು. ಜಪಾನಿನ ಕೇಯೊ ಸಂಗ್ರಹದವರು 2006ರಲ್ಲಿ ಇ. ಕೋಲೈಯ 4288 ಜೀನ್‌ಗಳನ್ನು ಒಂದೊಂದಾಗಿ ತೆಗೆಯಲು ಹೊರಟು 3985ರಲ್ಲಿ ಗೆದ್ದರು. ಉಳಿದ 303 ಅನಿವಾರ್ಯವಿರಬಹುದೆಂದರು. ಜಿಗಿಯುವ ಡಿಎನ್‌ಎ ತುಣುಕುಗಳಾದ ಟ್ರಾನ್ಸ್‌ಪೋಸಾನ್‌ಗಳನ್ನು ಎಲ್ಲೆಡೆ ಹೊಗಿಸಿ, ಅವು ಕಾಣಸಿಗದ ಜಾಗಗಳನ್ನು ಗುರುತಿಸುವ ವಿಧಾನವೂ ಬಂತು. ಆದರೆ ಇವೆರಡರ ಸಾಕ್ಷ್ಯವೂ ಗೈರುಹಾಜರಿಯೇ. ಜೀನ್‌ ಪುಟ್ಟದಾಗಿದ್ದರೆ ಟ್ರಾನ್ಸ್‌ಪೋಸಾನ್‌ ಆಕಸ್ಮಿಕವಾಗಿ ತಪ್ಪಿಸಿಕೊಂಡಿರಬಹುದು; ಕೋಶ ಸತ್ತಿರದೆ ಬರೀ ನಿಧಾನವಾಗಿರಬಹುದು. 2016ರಲ್ಲಿ ಕ್ರೇಗ್ ವೆಂಟರ್ ತಂಡ 473 ಜೀನ್‌ಗಳಷ್ಟೇ ಇರುವ ಕೋಶವನ್ನು ಕಟ್ಟಿದಾಗ, ಅವುಗಳಲ್ಲಿ 149ರ ಕೆಲಸವೇನೆಂದು ಗೊತ್ತಿರಲಿಲ್ಲ. ಬೇಕೆಂದು ಗೊತ್ತು, ಏಕೆಂದು ಗೊತ್ತಿಲ್ಲ. ಪಟ್ಟಿಯ ಮಿತಿಗೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ಔಷಧ ಹುಡುಕುವವರಿಗೆ ಪಟ್ಟಿಯೇ ಸಾಕಲ್ಲವೇ? ಗ್ಲಾಕ್ಸೊಸ್ಮಿತ್‌ಕ್ಲೈನ್ ಕಂಪನಿ 1995ರಿಂದ 2001ರವರೆಗೆ ಇಂಥ ಅನಿವಾರ್ಯ ಜೀನ್‌ಗಳನ್ನು ಗುರಿಯಾಗಿಸಿ 67 ಬೃಹತ್ ಶೋಧಗಳನ್ನು ನಡೆಸಿ, ಮುಂದುವರಿಸಬಲ್ಲ ಐದೇ ಸುಳಿವುಗಳನ್ನು ಪಡೆಯಿತು. ಔಷಧ ಕೋಶದೊಳಕ್ಕೆ ಹೋಗುವುದೇ ಕಷ್ಟವೆಂಬುದು ಇದಕ್ಕೊಂದು ಕಾರಣ, ನಿಜ. ಆದರೂ ಗುರಿಯ ಆಯ್ಕೆಯ ಪ್ರಶ್ನೆ ಉಳಿದೇ ಇತ್ತು, ಮತ್ತು ಅದಕ್ಕೆ ಉತ್ತರ ಬಂದದ್ದು ತಾಪಮಾನದ ಆ ಹಳೆಯ ಉಪಾಯದ ಹೊಸ ರೂಪದಿಂದ. 2013ರ ಕ್ರಿಸ್ಪರ್ ತಡೆ ವಿಧಾನದಲ್ಲಿ ಕತ್ತರಿಸಲಾರದ ಕ್ಯಾಸ್‌-9 ಪ್ರೋಟೀನ್ ಜೀನ್‌ ಮೇಲೆ ಕುಳಿತು ಅದರ ಓದನ್ನು ಬೇಕಾದಷ್ಟೇ ತಗ್ಗಿಸುತ್ತದೆ. ಸಾಲಾಗಿರುವ ಪಕ್ಕದ ಜೀನ್‌ಗಳೂ ಆಗ ಅಡಗುತ್ತವೆ ಎಂಬ ದೂರಿದೆ. ಜೀನ್‌ನ ಒಂದು ಪ್ರತಿಯನ್ನು ಬೇರೆಡೆ ಕೂರಿಸಿ ಪರೀಕ್ಷಿಸಿದರೆ ನಿಜವಾದ ಹೊಣೆಗಾರ ತಿಳಿಯುತ್ತದೆ. ಕ್ಷಯದ ಬ್ಯಾಕ್ಟೀರಿಯಾದಲ್ಲಿ ಹೀಗೆ ಜೀನ್‌ಗಳನ್ನು ತಗ್ಗಿಸಿ ಅಳೆದಾಗ, ಕೆಲವು ಅನಿವಾರ್ಯ ಜೀನ್‌ಗಳನ್ನು ತುಸು ತಗ್ಗಿಸಿದರೂ ಬೆಳವಣಿಗೆ ಕುಸಿಯಿತು. ಕೆಲವನ್ನು ಬಹುಪಾಲು ಅಡಗಿಸಿದರೂ ಬ್ಯಾಕ್ಟೀರಿಯಾ ತಾಳಿಕೊಂಡಿತು. ಔಷಧವೊಂದು ತನ್ನ ಗುರಿಯನ್ನು ನೂರಕ್ಕೆ ನೂರು ತಡೆಯುವುದು ಅಪರೂಪ. ಹಾಗಾಗಿ ಕೈಹಾಕಬೇಕಾದದ್ದು ಮೊದಲ ಗುಂಪಿಗೆ.