ಕಾರಿನ ಬೀಪ್ ಹಿರಿಯರಿಗೆ ಕೇಳಿಸುತ್ತಿದೆಯೇ?

2019ರ ಜುಲೈ 1ರಿಂದ ನಮ್ಮ ದೇಶದಲ್ಲಿ ತಯಾರಾಗುವ ಹೊಸ ಕಾರುಗಳಲ್ಲಿ ಮೂರು ಎಚ್ಚರಿಕೆಗಳು ಕಡ್ಡಾಯ. ಮುಂದಿನ ಸೀಟಿನವರು ಬೆಲ್ಟ್ ಹಾಕದಿದ್ದರೆ ಒಂದು, ರಿವರ್ಸ್ ತೆಗೆಯುವಾಗ ಹಿಂದೆ ಏನಾದರೂ ಅಡ್ಡ ಇದ್ದರೆ ಒಂದು, ವೇಗಕ್ಕೆ ಒಂದು. ಗಂಟೆಗೆ 80 ಕಿ.ಮೀ. ದಾಟಿದರೆ ಆಗಾಗ ಬೀಪ್ ಬರುತ್ತದೆ, 120 ದಾಟಿದರೆ ನಿಲ್ಲುವುದೇ ಇಲ್ಲ. ಪಕ್ಕದಲ್ಲಿ ಕೂತ ನಮಗೆ ಅದು ಕಿರಿಕಿರಿ ಅನಿಸುತ್ತದೆ. ಆದರೆ ವಯಸ್ಸಾದ ಚಾಲಕರಿಗೆ ಅದು ನಿಜವಾಗಿ ಬೇಕು.

ವಯಸ್ಸಾದಂತೆ ಕುತ್ತಿಗೆ ಪೂರ್ತಿ ಹಿಂದಕ್ಕೆ ತಿರುಗುವುದಿಲ್ಲ. ರಾತ್ರಿ ಎದುರಿನ ಗಾಡಿಯ ಹೈಬೀಮ್ ಬಿದ್ದರೆ ಕಣ್ಣು ಮತ್ತೆ ಹೊಂದಿಕೊಳ್ಳಲು ಹೆಚ್ಚು ಸಮಯ ಬೇಕು. ಕಾಲು ಬ್ರೇಕಿಗೆ ಹೋಗುವುದೂ ತುಸು ತಡ. ಲೆಕ್ಕ ಹಾಕಿ ನೋಡಿ: 60 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಹೋಗಿರುತ್ತದೆ. ಎಚ್ಚರಿಕೆ ಅರ್ಧ ಸೆಕೆಂಡ್ ಮೊದಲೇ ಬಂದರೂ ಎಂಟು ಮೀಟರ್ ಉಳಿಯಿತು.

ರಿವರ್ಸ್ ಸೆನ್ಸರ್ ಕೆಲಸ ಸರಳ. ಬಂಪರಿನಲ್ಲಿರುವ ಸಣ್ಣ ಗುಂಡಿಗಳು ನಮಗೆ ಕೇಳಿಸದ ಶಬ್ದದ ಅಲೆ ಕಳಿಸುತ್ತವೆ. ಅದು ಗೋಡೆಗೋ ಬೈಕಿಗೋ ಬಡಿದು ವಾಪಸ್ ಬರುವ ಸಮಯದಿಂದ ದೂರ ತಿಳಿಯುತ್ತದೆ. ಹತ್ತಿರವಾದಷ್ಟೂ ಬೀಪ್ ಬೇಗ ಬೇಗ ಬರುತ್ತದೆ.

ತೊಂದರೆ ಇರುವುದು ಇಲ್ಲೇ. ವಯಸ್ಸಾದವರ ಕಿವಿ ಮೊದಲು ಕಳೆದುಕೊಳ್ಳುವುದು ತೆಳುವಾದ, ಎತ್ತರದ ಸ್ವರದ ಶಬ್ದಗಳನ್ನು. ನಮ್ಮ ನಾನಾ ಅವರಿಗೆ 71 ವರ್ಷ. ರಿವರ್ಸ್ ಬೀಪ್ ಹಿಂದಿನ ಸೀಟಿನಲ್ಲಿರುವ ನನಗೆ ಚೆನ್ನಾಗಿ ಕೇಳುತ್ತದೆ, ಎಸಿ ಫ್ಯಾನ್ ಜೋರಾಗಿದ್ದರೆ ಸ್ಟಿಯರಿಂಗ್ ಹಿಡಿದ ಅವರಿಗೆ ಕೇಳುವುದಿಲ್ಲ. ಕಾರಿನ ಪುಸ್ತಕ ಇಂಗ್ಲಿಷಿನಲ್ಲಿದೆ, ಅವರು ಓದುವುದು ಉರ್ದು. ಹಾಗಾಗಿ ಯಾವ ದೀಪಕ್ಕೆ ಏನು ಅರ್ಥ ಎಂದು ಒಂದು ಹಾಳೆಯಲ್ಲಿ ಉರ್ದುವಿನಲ್ಲಿ ಬರೆದುಕೊಟ್ಟೆ. ಮಾಮೂ ಹಿಂದಿನ ಕ್ಯಾಮೆರಾಕ್ಕೆ ಒಂದು ಸ್ಕ್ರೀನ್ ಹಾಕಿಸಿದರು. ನಾನಿಯನ್ನು ಆಸ್ಪತ್ರೆಗೆ ಕರೆದೊಯ್ಯುವವರು ನಾನಾ ಒಬ್ಬರೇ, ಕೀ ಕಿತ್ತುಕೊಳ್ಳುವುದು ಸುಲಭದ ಮಾತಲ್ಲ.

ದುಬಾರಿ ಕಾರುಗಳಲ್ಲಿ ಲೇನ್ ತಪ್ಪಿದರೆ, ಮುಂದಿನ ಗಾಡಿ ಹತ್ತಿರವಾದರೆ, ಪಕ್ಕದಲ್ಲಿ ಕನ್ನಡಿಗೆ ಕಾಣದ ವಾಹನ ಇದ್ದರೆ ಹೇಳುವ ವ್ಯವಸ್ಥೆಗಳೂ ಇವೆ. ಆದರೆ ಗೆರೆಯೇ ಇಲ್ಲದ ರಸ್ತೆಯಲ್ಲಿ ಲೇನ್ ಎಚ್ಚರಿಕೆ ಏನು ಮಾಡೀತು? ಬೇಡದ ಬೀಪ್ ಹೆಚ್ಚಾದರೆ ಹಿರಿಯರು ಎಲ್ಲವನ್ನೂ ಆಫ್ ಮಾಡಿಬಿಡುತ್ತಾರೆ. ನನ್ನ ಪ್ರಕಾರ ಅವರಿಗೆ ಅರ್ಥವಾಗುವ ಎರಡು ಎಚ್ಚರಿಕೆ ಇದ್ದರೆ ಸಾಕು.

ಬೀಪ್ ಬಾಯಿ ಮುಚ್ಚಿಸಲು ಬೆಲ್ಟಿನ ಜಾಗಕ್ಕೆ ಸಿಕ್ಕಿಸುವ ಕ್ಲಿಪ್‌ಗಳೂ ಮಾರಾಟವಾಗುತ್ತಿದ್ದವು! 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಅವನ್ನು ತೆಗೆದುಹಾಕುವಂತೆ ಐದು ಆನ್‌ಲೈನ್ ಮಾರಾಟ ತಾಣಗಳಿಗೆ ಆದೇಶಿಸಿತು. ವ್ಯವಹಾರ ಅಧ್ಯಯನದಲ್ಲಿ ನಾವು ಓದುವ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಳಕೆಯಾದದ್ದು ಹೀಗೆ.

ಜಪಾನ್ ಇನ್ನೊಂದು ದಾರಿ ಹಿಡಿದಿದೆ. ತಾನಾಗಿಯೇ ಬ್ರೇಕ್ ಹಾಕುವ, ಬ್ರೇಕ್ ಬದಲು ಆಕ್ಸಿಲರೇಟರ್ ಒತ್ತಿದರೆ ತಡೆಯುವ ಕಾರುಗಳನ್ನು ಮಾತ್ರ ಓಡಿಸುವ ಲೈಸೆನ್ಸನ್ನು ಹಿರಿಯರು ತಾವೇ ಕೇಳಿ ಪಡೆಯಬಹುದು. 2022ರ ಮೇನಲ್ಲಿ ಅದು ಜಾರಿಗೆ ಬಂತು.

ನಮ್ಮಲ್ಲಿ 55 ದಾಟಿದವರು ಐದು ವರ್ಷಕ್ಕೊಮ್ಮೆ ಲೈಸೆನ್ಸ್ ನವೀಕರಿಸಬೇಕು. ಅದರ ಜೊತೆ ಕೊಡುವ ವೈದ್ಯರ ಪ್ರಮಾಣಪತ್ರ ನಮೂನೆ 1-ಎ. ಸಾಮಾನ್ಯ ಶಬ್ದ ಸಂಕೇತಗಳು ಕೇಳಿಸದಷ್ಟು ಕಿವುಡು ಇದೆಯೇ ಎಂಬ ಪ್ರಶ್ನೆ ಅದರಲ್ಲೇ ಇದೆ. ಮನೆಯ ಹಿರಿಯರು ನವೀಕರಣಕ್ಕೆ ಹೊರಟಾಗ ಕಣ್ಣಿನ ಜೊತೆ ಕಿವಿಯನ್ನೂ ತೋರಿಸಿಕೊಂಡು ಬರಲು ಹೇಳಿ.